ಡ್ಯೂಸೆನ್‌ಬರ್ಗ್‌ಗೆ ಒಂದು ಅಳತೆ, ಕ್ಯಾಡಿಲಾಕ್‌ಗೆ ಇನ್ನೊಂದು

ಡ್ಯೂಸೆನ್‌ಬರ್ಗ್, ಕ್ಯಾಡಿಲಾಕ್‌ನಂಥ ಅಮೆರಿಕದ ಹಳೇ ಐಷಾರಾಮಿ ಕಾರುಗಳ ಮಾಡೆಲ್ ಕೂಡಿಡಬೇಕು ಅಂತ ಹೊರಟವರು ಮೊದಲು ಕೇಳುವುದು ಎರಡೇ ಪ್ರಶ್ನೆ. 1:18 (ಅಂದರೆ ನಿಜವಾದ ಕಾರಿನ ಹದಿನೆಂಟನೇ ಒಂದು ಭಾಗದ ಅಳತೆ) ತಗೊಳ್ಳಲಾ, 1:43 ತಗೊಳ್ಳಲಾ? ಲೋಹದ್ದು ಒಳ್ಳೆಯದಾ, ರೆಸಿನ್ (ಅಚ್ಚಿಗೆ ಹೊಯ್ದು ಗಟ್ಟಿ ಮಾಡುವ ಒಂದು ಬಗೆಯ ಪ್ಲಾಸ್ಟಿಕ್) ಒಳ್ಳೆಯದಾ? ಎರಡಕ್ಕೂ ಉತ್ತರ ಇದೆ. ಆದರೆ ಅದಕ್ಕೂ ಮೊದಲು ಒಂದು ವಿಷಯ ತೀರ್ಮಾನವಾಗಬೇಕು. ನಿಮ್ಮ ಮನಸ್ಸು ಯಾವ ಕಾಲದ ಕಾರಿನ ಮೇಲಿದೆ?

1942ರ ಫೆಬ್ರವರಿಯಲ್ಲಿ ಯುದ್ಧದ ಕಾರಣಕ್ಕೆ ಅಮೆರಿಕದಲ್ಲಿ ಜನಸಾಮಾನ್ಯರಿಗಾಗಿ ಕಾರು ತಯಾರಿಸುವುದೇ ನಿಂತುಹೋಯಿತು. ಆ ಗೆರೆಯ ಆಚೆಗಿನ ಕಾರುಗಳೇ ಬೇರೆ, ಈಚೆಗಿನವೇ ಬೇರೆ. ಮೊದಲಿನವುಗಳ ಚೆಲುವು ಬಿಡಿಭಾಗಗಳಲ್ಲಿದೆ: ಎಂಜಿನ್, ಸ್ಪೋಕ್ ಚಕ್ರ, ದೊಡ್ಡ ಹೆಡ್‌ಲೈಟು, ಮಡ್‌ಗಾರ್ಡಿನಲ್ಲಿ ಕೂರಿಸಿದ ಸ್ಟೆಪ್ನಿ. ನಂತರದವುಗಳ ಚೆಲುವು ಮೈಯ ಗೆರೆಯಲ್ಲಿ, ಬಣ್ಣದಲ್ಲಿ, ಕ್ರೋಮ್ ಪಟ್ಟಿಯಲ್ಲಿದೆ. ಮಾಡೆಲ್ ಆರಿಸುವಾಗ ಈ ವ್ಯತ್ಯಾಸ ಮರೆತರೆ ಜಾಸ್ತಿ ದುಡ್ಡು ಕೊಟ್ಟೂ ಸಮಾಧಾನ ಸಿಗುವುದಿಲ್ಲ.

ಯುದ್ಧಕ್ಕೆ ಮೊದಲಿನವು: ಬಾನೆಟ್ ತೆರೆಯಲೇಬೇಕು

ಆಗ ದೊಡ್ಡ ಕಾರು ಕೊಳ್ಳುವ ರೀತಿಯೇ ಬೇರೆ ಇತ್ತು. ಕಂಪನಿ ಕೊಡುತ್ತಿದ್ದದ್ದು ಚಾಸಿ (ಕಾರಿನ ಅಡಿಯ ಚೌಕಟ್ಟು), ಎಂಜಿನ್ ಮತ್ತು ಮುಂಭಾಗ. ಮೈ ಕಟ್ಟಿಸಿಕೊಳ್ಳುವುದು ಬಹಳ ಸಲ ಕೊಂಡವರಿಗೆ ಬಿಟ್ಟಿದ್ದು. ಕ್ಯಾಲಿಫೋರ್ನಿಯಾದ ಪಸಡೀನಾದಲ್ಲಿ ಮರ್ಫಿ, ನ್ಯೂಯಾರ್ಕಿನಲ್ಲಿ ರೋಲ್‌ಸ್ಟನ್, ಪೆನ್ಸಿಲ್ವೇನಿಯಾದಲ್ಲಿ ಡರ್ಹ್ಯಾಮ್, ಹೀಗೆ ಮೈ ಕಟ್ಟುವ ಕಾರ್ಖಾನೆಗಳೇ ಬೇರೆ ಇದ್ದವು. ಹಾಗಾಗಿ ಬರೀ ‘ಡ್ಯೂಸೆನ್‌ಬರ್ಗ್’ ಅಂದರೆ ಯಾವ ಕಾರು ಅಂತ ಗೊತ್ತಾಗುವುದಿಲ್ಲ. ಯಾರು ಕಟ್ಟಿದ ಮೈ, ಯಾವ ವರ್ಷದ್ದು ಅಂತಲೂ ಹೇಳಬೇಕು. ಮಾಡೆಲ್‌ನ ಡಬ್ಬಿಯ ಮೇಲೆ ಇದು ಬರೆದಿಲ್ಲ ಅಂದರೆ, ತಯಾರಿಸಿದವರು ಯಾವ ನಿಜವಾದ ಕಾರನ್ನೂ ನೋಡಿ ಅಳೆದಿಲ್ಲ ಅಂತಲೇ ನಾನು ಅನುಮಾನಿಸುತ್ತೇನೆ.

ಇಂಡಿಯಾನಾಪೊಲಿಸ್‌ನ ಡ್ಯೂಸೆನ್‌ಬರ್ಗ್ ಜೆ 1928ರ ಡಿಸೆಂಬರ್‌ನಲ್ಲಿ ಜನರ ಮುಂದೆ ಬಂತು. ಸಾಲಾಗಿ 8 ಸಿಲಿಂಡರ್, 6.9 ಲೀಟರ್ ಎಂಜಿನ್, ಕಂಪನಿ ಹೇಳಿದ ಪ್ರಕಾರ 265 ಅಶ್ವಶಕ್ತಿ. ಬರೀ ಚಾಸಿಯ ಬೆಲೆಯೇ 8,500 ಡಾಲರ್. 1937ರಲ್ಲಿ ಬಾಗಿಲು ಹಾಕುವ ಹೊತ್ತಿಗೆ ಕಟ್ಟಿದ್ದು 480ರ ಆಸುಪಾಸು ಅಷ್ಟೆ. ಅದರಲ್ಲಿ ಒಂದು ನಮ್ಮ ಇಂದೋರಿಗೂ ಬಂದಿತ್ತು. ಮಹಾರಾಜ ಯಶವಂತರಾವ್ ಹೋಳ್ಕರ್ ತರಿಸಿದ ಎಸ್‌ಜೆ ಅದು, ಅಂದರೆ ಸೂಪರ್‌ಚಾರ್ಜರ್ (ಎಂಜಿನ್ನಿಗೆ ಹೆಚ್ಚು ಗಾಳಿ ತುಂಬಿ ಶಕ್ತಿ ಏರಿಸುವ ಯಂತ್ರ) ಇದ್ದ ಜೆ. ಮೈ ಕಟ್ಟಿದ್ದು ಲಂಡನ್ನಿನ ಗರ್ನಿ ನಟಿಂಗ್, ಬಣ್ಣ ಕಿತ್ತಳೆ ಮತ್ತು ಕಪ್ಪು.

ಈ ಎಂಜಿನ್ನಿಗೆ ಹಸಿರು ಬಣ್ಣ ಬಳಿಯುತ್ತಿದ್ದರು. ಸೂಪರ್‌ಚಾರ್ಜರ್ ಇದ್ದ ಎಸ್‌ಜೆಗಳಲ್ಲಿ ಬಾನೆಟ್ಟಿನ ಪಕ್ಕದಿಂದ ಹೊಳೆಯುವ ಬಾಗಿದ ಕೊಳವೆಗಳು ಹೊರಗೆ ಬರುತ್ತವೆ. 1930ರ ಜನವರಿಯಲ್ಲಿ ಬಂದ ಕ್ಯಾಡಿಲಾಕ್ ವಿ-16 ಇನ್ನೂ ಒಂದು ಹೆಜ್ಜೆ ಮುಂದೆ. 16 ಸಿಲಿಂಡರಿನ ಆ ಎಂಜಿನ್ನಿನಲ್ಲಿ ವೈರುಗಳನ್ನೆಲ್ಲ ಕಣ್ಣಿಗೆ ಬೀಳದ ಹಾಗೆ ಮುಚ್ಚಿಟ್ಟಿದ್ದರು. ಕಪ್ಪು ಬಣ್ಣ, ಪಾಲಿಶ್ ಮಾಡಿದ ಅಲ್ಯುಮಿನಿಯಂ. ನೋಡುವುದಕ್ಕೂ ಚೆನ್ನಾಗಿರಲಿ ಅಂತ ಮಾಡಿದ ಎಂಜಿನ್ ಅದು. ಇಂಥ ಕಾರಿನ ಮಾಡೆಲ್‌ನಲ್ಲಿ ಬಾನೆಟ್ಟೇ ತೆರೆಯದಿದ್ದರೆ ಅರ್ಧ ಕಾರು ಹೋದ ಹಾಗೆ, ಅಲ್ವಾ?

ಆದ್ದರಿಂದ ಯುದ್ಧಪೂರ್ವದ ಕಾರುಗಳಿಗೆ ನನ್ನ ಮೊದಲ ಆಯ್ಕೆ 1:24ರ ಲೋಹದ ಮಾಡೆಲ್. ಇದರಲ್ಲಿ ಎರಡು ಹೆಸರು ಮುಖ್ಯ: ಪೆನ್ಸಿಲ್ವೇನಿಯಾದ ಫ್ರಾಂಕ್ಲಿನ್ ಮಿಂಟ್, ಕನೆಕ್ಟಿಕಟ್‌ನ ಡ್ಯಾನ್‌ಬರಿ ಮಿಂಟ್. ಇವು ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು, ಕಂತಿನಲ್ಲಿ ದುಡ್ಡು ತೆಗೆದುಕೊಂಡು, ಅಂಚೆಯಲ್ಲಿ ಮಾಡೆಲ್ ಕಳಿಸುತ್ತಿದ್ದವು. ಈಗ ಈ ಸಾಲುಗಳು ನಿಂತುಹೋಗಿವೆ. ಸಿಗುವುದೆಲ್ಲ ಕೈ ಬದಲಾದ ಮಾಲು. ಅದು ಕೊಳ್ಳುವವರ ಪುಣ್ಯವೇ ಸರಿ. ಆಗ ಕೊಂಡವರಿಗೆ ಈಗ ವಯಸ್ಸಾಗಿದೆ, ಮಕ್ಕಳಿಗೆ ಇವು ಬೇಡ, ಹಾಗಾಗಿ ಮಾರಾಟಕ್ಕೆ ಬರುತ್ತಲೇ ಇರುತ್ತವೆ. ಅಮೆರಿಕದಲ್ಲಿ ಸಾಮಾನ್ಯವಾಗಿ 40ರಿಂದ 150 ಡಾಲರ್ ಒಳಗೆ ಒಳ್ಳೆಯದೊಂದು ಸಿಗುತ್ತದೆ.

ಫ್ರಾಂಕ್ಲಿನ್ ಮಿಂಟ್‌ನ ಡ್ಯೂಸೆನ್‌ಬರ್ಗ್ ‘ಟ್ವೆಂಟಿ ಗ್ರಾಂಡ್’ ತೆಗೆದುಕೊಳ್ಳಿ. ನಿಜವಾದ ಕಾರು ರೋಲ್‌ಸ್ಟನ್ ಕಟ್ಟಿದ ಸೆಡಾನ್, 1933ರ ಷಿಕಾಗೊ ವಿಶ್ವಮೇಳದಲ್ಲಿ ನಿಂತಿದ್ದು. ಬೆಲೆ 20,000 ಡಾಲರ್, ಹಾಗಾಗಿಯೇ ಆ ಹೆಸರು. ಈಗ ಅದು ಕ್ಯಾಲಿಫೋರ್ನಿಯಾದ ನೆದರ್‌ಕಟ್ ಸಂಗ್ರಹಾಲಯದಲ್ಲಿದೆ. ಒಂದೇ ಒಂದು ಕಾರು ಆದ್ದರಿಂದ ಮಾಡೆಲ್ಲನ್ನು ಅದರ ಫೋಟೋ ಪಕ್ಕ ಇಟ್ಟು ಹೋಲಿಸಬಹುದು. ಫ್ರಾಂಕ್ಲಿನ್ ಮಿಂಟ್‌ನದೇ ಇನ್ನೊಂದು, 1935ರ ಡ್ಯೂಸೆನ್‌ಬರ್ಗ್ ಎಸ್‌ಎಸ್‌ಜೆ. ನಿಜವಾದವು ಎರಡೇ: ಒಂದು ನಟ ಗ್ಯಾರಿ ಕೂಪರ್ ಕೈಯಲ್ಲಿದ್ದದ್ದು, ಇನ್ನೊಂದು ಕ್ಲಾರ್ಕ್ ಗೇಬಲ್ ಕೈಯಲ್ಲಿ. ಕೂಪರ್ ಕಾರು 2018ರಲ್ಲಿ ಪೆಬಲ್ ಬೀಚ್ ಹರಾಜಿನಲ್ಲಿ 2.2 ಕೋಟಿ ಡಾಲರಿಗೆ ಹೋಯಿತು.

ಇದೇ ಎಸ್‌ಎಸ್‌ಜೆಯನ್ನು ಆಟೊ ವರ್ಲ್ಡ್ ಎಂಬ ಮಾಡೆಲ್ ಕಂಪನಿ 1:18ರಲ್ಲೂ ಮಾಡಿದೆ. ದೊಡ್ಡದು, ಕೈಗೆ ಭಾರ, ದೂರದಿಂದಲೂ ಕಾಣುತ್ತದೆ. ಆದರೂ ಈ ಕಾಲದ ಕಾರುಗಳಿಗೆ 1:18ರಲ್ಲಿ ಆಯ್ಕೆ ಕಮ್ಮಿ. ಸುಮ್ನೆ ದೊಡ್ಡದಿದ್ದ ಮಾತ್ರಕ್ಕೆ ಸೂಕ್ಷ್ಮ ಕೆಲಸ ಜಾಸ್ತಿ ಇರುತ್ತದೆ ಅಂತಲೂ ಇಲ್ಲ. ಹೋಲಿಸುವಾಗ ಚಕ್ರ ನೋಡಿ. ಸ್ಪೋಕುಗಳನ್ನು ತೆಳ್ಳಗೆ ಒಂದೊಂದಾಗಿ ಬಿಡಿಸಿದ್ದರೆ ಉಳಿದ ಕೆಲಸವೂ ಚೆನ್ನಾಗಿರುವುದೇ ಹೆಚ್ಚು. ದಪ್ಪ ಪ್ಲಾಸ್ಟಿಕ್ ಜಾಲರಿಗೆ ಬೆಳ್ಳಿ ಬಣ್ಣ ಹೊಡೆದಿದ್ದರೆ ಅದನ್ನು ಬಿಟ್ಟು ಮುಂದೆ ಹೋಗಿ.

1:43ರಲ್ಲಿ ಇಟಲಿಯ ರಿಯೊ, ಫ್ರಾನ್ಸಿನ ಸೊಲಿಡೊ, ಇಂಗ್ಲೆಂಡಿನ ಮ್ಯಾಚ್‌ಬಾಕ್ಸ್‌ನ ‘ಯೆಸ್ಟರ್‌ಇಯರ್’ ಸಾಲು, ಎಲ್ಲವೂ ಡ್ಯೂಸೆನ್‌ಬರ್ಗ್ ಮಾಡಿವೆ. ಮ್ಯಾಚ್‌ಬಾಕ್ಸ್‌ನದು ಲೆಕ್ಕವಿಲ್ಲದಷ್ಟು ತಯಾರಾದದ್ದರಿಂದ ಬಹಳ ಅಗ್ಗ. ಹುಡುಗಾಟದ ನೆನಪಿಗೆ ಒಂದು ಇಟ್ಟುಕೊಳ್ಳಬಹುದು. ಸೂಕ್ಷ್ಮಕ್ಕಾದರೆ ರಿಯೊ ವಾಸಿ. ಆದರೆ ಎಂಜಿನ್ ಕಾಣಬೇಕು ಅಂತಿದ್ದರೆ ಈ ಅಳತೆ ಚಿಕ್ಕದಾಯಿತು.

ಯುದ್ಧದ ನಂತರದವು: ಬಾಗಿಲು ಮುಚ್ಚಿದ್ದರೂ ನಡೆಯುತ್ತದೆ

1948ರ ಕ್ಯಾಡಿಲಾಕ್‌ಗೆ ಹಿಂದೆ ಎರಡು ಸಣ್ಣ ರೆಕ್ಕೆ ಮೂಡಿದವು. ಜನರಲ್ ಮೋಟರ್ಸ್‌ನ ವಿನ್ಯಾಸ ವಿಭಾಗದ ಮುಖ್ಯಸ್ಥ ಹಾರ್ಲಿ ಅರ್ಲ್ ಮತ್ತು ಅವರ ತಂಡಕ್ಕೆ ಅದರ ಹೊಳಹು ಸಿಕ್ಕಿದ್ದು ಪಿ-38 ಯುದ್ಧವಿಮಾನದಿಂದ. ಆ ರೆಕ್ಕೆ ವರ್ಷ ವರ್ಷ ಬೆಳೆಯುತ್ತ ಹೋಗಿ 1959ರಲ್ಲಿ ತುತ್ತತುದಿ ಮುಟ್ಟಿತು. ಒಂದೊಂದು ರೆಕ್ಕೆಯಲ್ಲೂ ಬಂದೂಕಿನ ಗುಂಡಿನ ಆಕಾರದ ಎರಡೆರಡು ಕೆಂಪು ದೀಪ. ಆ ಹೊತ್ತಿಗೆ ಕಾರ್ಖಾನೆಯಲ್ಲೇ ಮೈ ಅಚ್ಚಾಗುತ್ತಿತ್ತು, ಮೈ ಕಟ್ಟುವ ಹಳೇ ಮನೆತನಗಳು ಹೆಚ್ಚುಕಮ್ಮಿ ಮುಗಿದಿದ್ದವು. ಬಾನೆಟ್ ಎತ್ತಿದರೆ ಕಾಣುವುದು ಅಗಲವಾದ ಏರ್ ಫಿಲ್ಟರ್ ಡಬ್ಬಿ, ಅದರ ಕೆಳಗೆ ವಿ-8. ತಪ್ಪೇನಿಲ್ಲ, ಆದರೆ ನೋಡಿ ಮೈಮರೆಯುವಂಥದ್ದೂ ಅಲ್ಲ.

ಇಲ್ಲಿ ನೋಡಬೇಕಾದ್ದು ಗೆರೆ. ಬಾಗಿಲು ತೆರೆಯುವ ಲೋಹದ ಮಾಡೆಲ್‌ಗಳ ಕಷ್ಟ ಇಲ್ಲೇ ಶುರುವಾಗುವುದು. ಕೀಲು ಕೂರಿಸಲು ತಗಡು ದಪ್ಪ ಬೇಕು, ಬಾಗಿಲ ಸುತ್ತ ಸಂದು ಬೇಕು. ಉದ್ದನೆಯ ನುಣುಪಾದ ಪಕ್ಕದಲ್ಲಿ ಆ ಸಂದು ಎದ್ದು ಕಾಣುತ್ತದೆ. ರೆಸಿನ್‌ನಲ್ಲಿ ಈ ತೊಂದರೆ ಇಲ್ಲ. ಬಾಗಿಲು ತೆರೆಯುವುದಿಲ್ಲ, ಗೆರೆ ಮಾತ್ರ ಕೂದಲೆಳೆಯ ಹಾಗೆ ಕೆತ್ತಿರುತ್ತಾರೆ. ಬಂಪರಿನ ಅಂಚು, ಕಿಟಕಿಯ ಚೌಕಟ್ಟು ಎಲ್ಲ ಚೂಪಾಗಿ ಬರುತ್ತವೆ.

ರೆಸಿನ್ನಿನ ಇನ್ನೊಂದು ಅನುಕೂಲ ಆಯ್ಕೆ. ಲೋಹದ ಎರಕಕ್ಕೆ ಉಕ್ಕಿನ ಅಚ್ಚು ಬೇಕು. ಅದರ ಖರ್ಚು ಹುಟ್ಟಬೇಕಾದರೆ ಸಾವಿರಗಟ್ಟಲೆ ಮಾರಬೇಕು. ಹಾಗಾಗಿ ಎಲ್ಲರೂ ಕೇಳುವ ಕಾರನ್ನೇ ಮಾಡುತ್ತಾರೆ. ರೆಸಿನ್‌ಗೆ ಸಿಲಿಕೋನ್ ಅಚ್ಚು ಸಾಕು. ಅದು ಬೇಗ ಸವೆಯುತ್ತದೆ ನಿಜ, ಆದರೆ ಖರ್ಚು ಕಮ್ಮಿ. ಕೆಲವು ನೂರು ಮಾಡಿದರೂ ನಷ್ಟವಿಲ್ಲ. ಕ್ರೈಸ್ಲರ್‌ನ ಇಂಪೀರಿಯಲ್, ಪ್ಯಾಕಾರ್ಡ್‌ನ ಕೊನೆಯ ವರ್ಷಗಳ ಸೆಡಾನ್‌ಗಳು, ಇಂಥವು ಬೇಕಿದ್ದರೆ ನಿಯೊ, ಬೆಸ್ಟ್ ಆಫ್ ಶೋ ಮುಂತಾದ ರೆಸಿನ್ ತಯಾರಕರ ಕಡೆ ಹುಡುಕುವುದೇ ದಾರಿ.

ಮೂರನೆಯ ದಾರಿಯೊಂದಿದೆ, ನನಗೆ ತುಂಬ ಇಷ್ಟವಾದದ್ದು. ಬಿಳಿ ಲೋಹ, ಅಂದರೆ ತವರದ ಮಿಶ್ರಲೋಹ. ಇದರಲ್ಲಿ ಬ್ರೂಕ್ಲಿನ್ ಮಾಡೆಲ್ಸ್ ಹೆಸರು ದೊಡ್ಡದು. 1974ರಲ್ಲಿ ಕೆನಡಾದ ಒಂಟಾರಿಯೊದ ಬ್ರೂಕ್ಲಿನ್ ಎಂಬ ಊರಲ್ಲಿ ಹುಟ್ಟಿ, 1979ರಲ್ಲಿ ಇಂಗ್ಲೆಂಡಿನ ಬಾತ್‌ಗೆ ಹೋದ ಸಂಸ್ಥೆ. ಎಲ್ಲ 1:43. ಅವರ ಪಟ್ಟಿಯ ಮೊದಲ ಮಾಡೆಲ್ 1933ರ ಪಿಯರ್ಸ್-ಆರೋ ಸಿಲ್ವರ್ ಆರೋ, ನಿಜವಾದವು ಐದೇ ಐದು ತಯಾರಾದ ಕಾರು. ಬಹುಪಾಲು ಅಮೆರಿಕದ ಕಾರುಗಳನ್ನೇ ಹಿಡಿದು ಕೂತವರು ಇವರು. ಕೈಯಲ್ಲಿ ಹಿಡಿದರೆ ಒಂದು ತೂಕ ಸಿಗುತ್ತದೆ, ಅದು ರೆಸಿನ್‌ನಲ್ಲಿ ಇಲ್ಲ. ಸೂಕ್ಷ್ಮತೆಯಲ್ಲಿ ಮಾತ್ರ ರೆಸಿನ್ ಮುಂದು. ಬ್ರೂಕ್ಲಿನ್‌ನ ಹಳೇ ಮಾಡೆಲ್‌ಗಳಲ್ಲಿ ಕ್ರೋಮ್ ಪಟ್ಟಿಗಳು ಕೊಂಚ ದಪ್ಪ, ಮೂಲೆಗಳು ಕೊಂಚ ಮೊಂಡು. ಹೊಸದಕ್ಕೆ ನೂರು ಪೌಂಡಿನ ಆಸುಪಾಸು ಕೊಡಬೇಕು. ಹಳೆಯ ಬಿಳಿ ಲೋಹದಲ್ಲಿ ಸೀಸವೂ ಇರಬಹುದು, ಸಣ್ಣ ಮಕ್ಕಳ ಕೈಗೆ ಕೊಡಬೇಡಿ.

ಕೊಳ್ಳುವ ಮುಂಚೆ ಕಪಾಟು ಅಳೆಯಿರಿ. 1959ರ ಕ್ಯಾಡಿಲಾಕ್ ನಿಜದಲ್ಲಿ 5.7 ಮೀಟರ್ ಉದ್ದ. 1:18ರಲ್ಲಿ ಅದು ಸುಮಾರು 32 ಸೆಂಟಿಮೀಟರ್, 1:24ರಲ್ಲಿ 24, 1:43ರಲ್ಲಿ 13. ಮೂರಡಿಯ ಒಂದು ಹಲಗೆಯ ಮೇಲೆ ಉದ್ದುದ್ದ ನಿಲ್ಲಿಸಿದರೆ 1:18ರವು ಎರಡೇ ಹಿಡಿಯುತ್ತವೆ, 1:24ರವು ಮೂರು, 1:43ರವು ಆರು. ಈ ಕಾರುಗಳನ್ನು ಪಕ್ಕದಿಂದ ನೋಡಿದರೇ ಚೆಂದ. ಮೂಗು ಹೊರಗೆ ಮಾಡಿ ಒತ್ತೊತ್ತಾಗಿ ನಿಲ್ಲಿಸಿದರೆ ಜಾಗ ಉಳಿಯುತ್ತದೆ, ರೆಕ್ಕೆ ಮಾತ್ರ ಕಾಣುವುದಿಲ್ಲ. ಹಾಗಾಗಿ ಐವತ್ತರ ದಶಕದ ಪೂರ್ತಿ ಸಾಲು ಕೂಡಿಸಬೇಕು, ವರ್ಷ ವರ್ಷ ರೆಕ್ಕೆ ಹೇಗೆ ಬೆಳೆಯಿತು ಅಂತ ಒಟ್ಟಿಗೆ ನೋಡಬೇಕು ಅನ್ನುವವರಿಗೆ 1:43. ಒಂದೇ ಒಂದು ಸಾಕು, ಟೀವಿ ಪಕ್ಕ ರಾಜಗಾಂಭೀರ್ಯದಿಂದ ನಿಲ್ಲಲಿ ಅನ್ನುವವರಿಗೆ 1:18. ಅದಕ್ಕೆ ಮಾಯಿಸ್ಟೊದ 1959ರ ಎಲ್ಡೊರಾಡೊ ಬಿಯಾರಿಟ್ಜ್ ಸಾಕು. ಕ್ರೋಮ್ ಪ್ಲಾಸ್ಟಿಕ್ಕಿನದು, ಒಳಗಿನ ಸೀಟು ಸಾಧಾರಣ. ಆದರೆ ಮೈಯ ಆಕಾರ ಸರಿಯಾಗಿದೆ, ಬೆಲೆ ಕೈಗೆಟುಕುತ್ತದೆ.

ಯುದ್ಧದ ನಂತರದ್ದಕ್ಕೆ ಮುಚ್ಚಿದ ಮೈ ಸಾಕು ಅನ್ನುವ ಲೆಕ್ಕಕ್ಕೆ ಸಿಗದವೂ ಇವೆ. 1961ರ ಲಿಂಕನ್ ಕಾಂಟಿನೆಂಟಲ್‌ನ ಹಿಂದಿನ ಬಾಗಿಲು ಹಿಂದುಗಡೆಗೆ ತೆರೆಯುತ್ತದೆ. 1957ರ ಕ್ಯಾಡಿಲಾಕ್ ಎಲ್ಡೊರಾಡೊ ಬ್ರೌಮ್‌ನದೂ ಹಾಗೇ, ನಡುವೆ ಕಂಬವೇ ಇಲ್ಲ. ಬ್ರೌಮ್‌ನ ಚಾವಣಿ ಸ್ಟೇನ್‌ಲೆಸ್ ಸ್ಟೀಲ್, ಬೆಲೆ 13,074 ಡಾಲರ್, ಎರಡು ವರ್ಷದಲ್ಲಿ ತಯಾರಾದದ್ದು 704. ಇಂಥ ಕಾರಿನ ನಾಲ್ಕೂ ಬಾಗಿಲು ತೆರೆದಿಟ್ಟು ನೋಡುವುದೇ ಒಂದು ಸೊಗಸು. ಇವಕ್ಕೆ ರೆಸಿನ್ ಬೇಡ, ಫ್ರಾಂಕ್ಲಿನ್ ಮಿಂಟ್‌ನ 1:24 ಬ್ರೌಮ್ ಹುಡುಕಿ. ಅದೇ 1956ರ ಕಾಂಟಿನೆಂಟಲ್ ಮಾರ್ಕ್ 2 ನೋಡಿ. ಕ್ರೋಮ್ ಬಹಳ ಕಮ್ಮಿ, ಉದ್ದ ಬಾನೆಟ್, ಡಿಕ್ಕಿಯ ಮೇಲೆ ಸ್ಟೆಪ್ನಿಯ ಉಬ್ಬು. ಬರೀ ಗೆರೆಯ ಮೇಲೆ ನಿಂತ ಕಾರು. ಅದನ್ನು ಮುಚ್ಚಿದ ಮೈಯಲ್ಲೇ ನೋಡಬೇಕು.

1:64ರ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಮ್ಮಲ್ಲಿ ಇನ್ನೂರು ರೂಪಾಯಿ ಆಸುಪಾಸಿಗೆ ಸಿಗುವ ಹಾಟ್ ವೀಲ್ಸ್ ಎಲ್ಲ ಕಾರನ್ನೂ ಹೆಚ್ಚುಕಮ್ಮಿ ಒಂದೇ ಉದ್ದಕ್ಕೆ ಇಳಿಸುತ್ತದೆ. ಅಷ್ಟುದ್ದದ ಕ್ಯಾಡಿಲಾಕ್ ಅಲ್ಲಿ ಕುಗ್ಗಿ ಕೂರುತ್ತದೆ. ಈ ಅಳತೆಯಲ್ಲೇ ಬೇಕಿದ್ದರೆ ಗ್ರೀನ್‌ಲೈಟ್ ನೋಡಿ. ಎಲ್ವಿಸ್ ಪ್ರೆಸ್ಲಿಯ 1955ರ ಗುಲಾಬಿ ಕ್ಯಾಡಿಲಾಕ್ ಫ್ಲೀಟ್‌ವುಡ್ ಅವರಲ್ಲಿ ಚಿಕ್ಕದರಿಂದ ದೊಡ್ಡದರವರೆಗೆ ಹಲವು ಅಳತೆಯಲ್ಲಿ ಬಂದಿದೆ.

ಯಾವುದು ಹೆಚ್ಚು ಕಾಲ ಬಾಳುತ್ತದೆ?

ಲೋಹದ್ದು ಗಟ್ಟಿ ಅನ್ನುವುದು ಪೂರ್ತಿ ನಿಜವಲ್ಲ. ಈ ಮಾಡೆಲ್‌ಗಳ ಲೋಹ ಸತುವಿನ ಮಿಶ್ರಲೋಹ. ಎರಕ ಹೊಯ್ಯುವಾಗ ಅದರಲ್ಲಿ ಸೀಸದಂಥ ಕಲ್ಮಶ ಸೇರಿದರೆ ವರ್ಷಗಳ ಮೇಲೆ ಒಳಗಿಂದಲೇ ಸೀಳು ಬಿಡುತ್ತದೆ. ಮೊದಲು ಬಣ್ಣದ ಮೇಲೆ ಕೂದಲೆಳೆಯ ಗೆರೆ, ಆಮೇಲೆ ಬಾಗಿಲು ಉಬ್ಬಿ ಸಿಕ್ಕಿಕೊಳ್ಳುವುದು, ಕೊನೆಗೆ ಪುಡಿ. ತೇವ ಇದ್ದರೆ ಇನ್ನೂ ಬೇಗ. ಶುರುವಾದರೆ ಮದ್ದಿಲ್ಲ. ರೆಸಿನ್‌ಗೆ ಈ ರೋಗ ಇಲ್ಲ, ಆದರೆ ಬಿಸಿ ಆಗದು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಕಾರಿನ ಡಿಕ್ಕಿಯೊಳಗೆ ಒಂದು ಮಧ್ಯಾಹ್ನ ಬಿಟ್ಟರೆ ತೆಳುವಾದ ಭಾಗ ಬಾಗಬಹುದು. ಕೆಳಗೆ ಬಿದ್ದರೆ ಕಥೆ ಮುಗಿಯಿತು. ಈ ವಿಷಯದಲ್ಲಿ ಬಿಳಿ ಲೋಹವೇ ಗೆದ್ದಿತು ಅನ್ನಬೇಕು. ಬಿದ್ದರೆ ಬಣ್ಣ ಚಕ್ಕೆ ಏಳುತ್ತದೆ, ಮೈ ಉಳಿಯುತ್ತದೆ.

ಕರಾವಳಿಯವರಿಗೆ ಮಳೆಗಾಲದ್ದೇ ಚಿಂತೆ. ಮುಚ್ಚಿದ ಗಾಜಿನ ಕಪಾಟು, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಅದನ್ನು ಆಗಾಗ ಬದಲಿಸುವುದು. ಇಷ್ಟು ಮಾಡಿದರೆ ಸ್ಕ್ರೂ ತುಕ್ಕು ಹಿಡಿಯುವುದು, ಸೀಟಿನ ಮೇಲೆ ಬೂಷ್ಟು ಬರುವುದು ತಪ್ಪುತ್ತದೆ. ಬಿಸಿಲು ಬೀಳುವ ಕಿಟಕಿ ಪಕ್ಕ ಯಾವುದೂ ಬೇಡ, ಕೆಂಪು ಬಣ್ಣವಂತೂ ಬೇಗ ಕಳೆಗುಂದುತ್ತದೆ. ಮೆತ್ತನೆಯ ಟಯರು ವರ್ಷಗಟ್ಟಲೆ ಪ್ಲಾಸ್ಟಿಕ್ ಪೀಠಕ್ಕೆ ಒತ್ತಿಕೊಂಡಿದ್ದರೆ ಅಲ್ಲೇ ಕರಗಿ ಅಂಟುತ್ತದೆ. ಚಾಸಿಯ ಕೆಳಗೆ ಸಣ್ಣ ತುಂಡೊಂದನ್ನು ಕೊಟ್ಟು ಚಕ್ರದ ಭಾರ ತಪ್ಪಿಸಿ.

ಉದುರಿದ ಕನ್ನಡಿ, ವೈಪರ್ ಅಂಟಿಸಲು ಫೆವಿಕ್ವಿಕ್ ಎತ್ತಿಕೊಳ್ಳಬೇಡಿ. ಅದರ ಆವಿಗೆ ಪಾರದರ್ಶಕ ಕಿಟಕಿ ಮಂಜುಗಟ್ಟಿದ ಹಾಗೆ ಬೆಳ್ಳಗಾಗುತ್ತದೆ. ಗಾಜಿನ ಹತ್ತಿರದ ಕೆಲಸಕ್ಕೆ ಬಿಳಿ ಫೆವಿಕಾಲ್ ಒಂದು ಚುಕ್ಕೆ ಸಾಕು. ಒಣಗಿದ ಮೇಲೆ ಕಾಣುವುದೂ ಇಲ್ಲ, ತಪ್ಪಾದರೆ ಕಿತ್ತು ಮತ್ತೆ ಅಂಟಿಸಬಹುದು.

ಕೈ ಬದಲಾದ ಮಾಲು ಕೊಳ್ಳುವಾಗ

ಮಾರುವವರು ಕಳಿಸುವ ಫೋಟೋದಲ್ಲಿ ಮೂರು ಕಡೆ ಕಣ್ಣಿಡಿ. ಬಾನೆಟ್ಟಿನ ತುದಿಯ ಮೂರ್ತಿ, ಪಕ್ಕದ ಕನ್ನಡಿಗಳು, ಚಕ್ರದ ಕ್ಯಾಪು. ಕಳೆದುಹೋಗುವುದು ಇವೇ, ಬಿಡಿಯಾಗಿ ಸಿಗುವುದು ಕಷ್ಟ. ಬಣ್ಣದ ಮೇಲೆ ಬೆಳಕು ಓರೆಯಾಗಿ ಬೀಳುವ ಹಾಗೆ ಒಂದು ಫೋಟೋ ಕೇಳಿ. ಫ್ರಾಂಕ್ಲಿನ್ ಮಿಂಟ್ ಮಾಡೆಲ್‌ಗಳನ್ನು ಅವುಗಳ ಥರ್ಮೋಕೋಲ್ ಡಬ್ಬಿಯಲ್ಲೇ ವರ್ಷಗಟ್ಟಲೆ ಮುಚ್ಚಿಟ್ಟರೆ ಬಣ್ಣದ ಮೇಲೆ ಸಣ್ಣ ಗುಳ್ಳೆ ಏಳುವುದುಂಟು. ‘ಡಬ್ಬಿಯಿಂದ ಹೊರಗೇ ತೆಗೆದಿಲ್ಲ’ ಅನ್ನುವ ಮಾತು ಇಲ್ಲಿ ಹೊಗಳಿಕೆಯೇ ಆಗಬೇಕಿಲ್ಲ. ‘ಲಿಮಿಟೆಡ್ ಎಡಿಷನ್’ ಚೀಟಿಗೂ ಜಾಸ್ತಿ ಕೊಡಬೇಡಿ. ಮುಂದೆ ಬೆಲೆ ಏರುತ್ತದೆ ಅಂತ ಮಿಂಟ್ ಮಾಡೆಲ್ ಕೊಂಡವರ ಸರಕೇ ಇವತ್ತು ಮೂರು ಕಾಸಿಗೆ ಬಿಕರಿಯಾಗುತ್ತಿರುವುದು.

ಅಮೆರಿಕದ ಅಧ್ಯಕ್ಷರಾಗಿದ್ದ ಕೆನಡಿ ಅವರ ಲಿಂಕನ್ ಕಾರು ಎಲ್ಲರೂ ಮಾಡುವ ಮಾಡೆಲ್, ಆದ್ದರಿಂದ ತಪ್ಪುಗಳೂ ಜಾಸ್ತಿ. 1961ರ ಕಾಂಟಿನೆಂಟಲ್ ಅನ್ನು ಸಿನ್ಸಿನಾಟಿಯ ಹೆಸ್ ಆ್ಯಂಡ್ ಐಸೆನ್‌ಹಾರ್ಟ್ ಕತ್ತರಿಸಿ ಉದ್ದ ಮಾಡಿದ ಕಾರು ಅದು. 1963ರ ನವೆಂಬರ್‌ನಲ್ಲಿ ಡಲ್ಲಾಸ್‌ನಲ್ಲಿ ಓಡಿದಾಗ ಅದರ ಬಣ್ಣ ಕಡು ನೀಲಿ. ಆಮೇಲೆ ಕವಚ ಹಾಕಿ, ಕಾಯಂ ಚಾವಣಿ ಕೂರಿಸಿ, ಕಪ್ಪು ಬಳಿದು 1977ರವರೆಗೂ ಬಳಸಿದರು. ಈಗ ಡಿಯರ್‌ಬಾರ್ನ್‌ನ ಹೆನ್ರಿ ಫೋರ್ಡ್ ಸಂಗ್ರಹಾಲಯದಲ್ಲಿರುವುದು ಆ ಬದಲಾದ ರೂಪ. ತೆರೆದ ಮೈ ಇದ್ದು ಅಚ್ಚ ಕಪ್ಪು ಬಣ್ಣ ಇದ್ದರೆ ತಯಾರಿಸಿದವರು ಎರಡು ಕಾಲವನ್ನು ಕಲಸಿದ್ದಾರೆ ಅಂತ ಅರ್ಥ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಈ ಹವ್ಯಾಸ ಬಲು ಸುಲಭ. ಎಸ್ಟೇಟ್ ಸೇಲ್‌ಗಳಲ್ಲಿ (ತೀರಿಕೊಂಡವರ ಅಥವಾ ಮನೆ ಖಾಲಿ ಮಾಡುವವರ ಸಾಮಾನುಗಳ ಮಾರಾಟದಲ್ಲಿ) ಮಿಂಟ್ ಮಾಡೆಲ್‌ಗಳು ಪೆಟ್ಟಿಗೆಗಟ್ಟಲೆ ಬರುತ್ತವೆ. ಪೆನ್ಸಿಲ್ವೇನಿಯಾದ ಹರ್ಷಿಯಲ್ಲಿ ಪ್ರತಿ ಅಕ್ಟೋಬರ್‌ನಲ್ಲಿ ಹಳೇ ಕಾರುಗಳ ದೊಡ್ಡ ಸಂತೆ ನಡೆಯುತ್ತದೆ, ಬಿಡಿಭಾಗದ ಜೊತೆ ಮಾಡೆಲ್‌ಗಳೂ ಸಿಗುತ್ತವೆ. ಇಂಡಿಯಾನಾದ ಆಬರ್ನ್ ಊರಿನಲ್ಲಿ ಆಬರ್ನ್, ಕಾರ್ಡ್, ಡ್ಯೂಸೆನ್‌ಬರ್ಗ್ ಮೂರರ ಸಂಗ್ರಹಾಲಯವಿದೆ. ಹಳೇ ಕಂಪನಿಯ ಕಚೇರಿ ಕಟ್ಟಡದಲ್ಲೇ. ಕೊಳ್ಳುವ ಮೊದಲು ನಿಜವಾದ ಕಾರನ್ನು ಸುತ್ತಿ ನೋಡಿ ಬಂದರೆ ಮಾಡೆಲ್‌ನ ತಪ್ಪು ಒಪ್ಪು ತಾನಾಗಿ ಕಣ್ಣಿಗೆ ಬೀಳುತ್ತದೆ.

ಊರಿನಲ್ಲಿ ಕೂತು ತರಿಸುವವರಿಗೆ ಸುಂಕದ ಪೆಟ್ಟು. ಆಟಿಕೆಗಳ ಮೇಲಿನ ಆಮದು ಸುಂಕ 2020ರ ಬಜೆಟ್‌ನಲ್ಲಿ ಶೇ. 20ರಿಂದ 60ಕ್ಕೆ ಏರಿತು, 2023ರಲ್ಲಿ 70 ಆಯಿತು. ಸುಂಕದ ಪಟ್ಟಿಯಲ್ಲಿ ಈ ಮಾಡೆಲ್‌ಗಳು ಆಟಿಕೆಗಳ ಗುಂಪಿನಲ್ಲೇ ಬರುತ್ತವೆ. ಇದರ ಮೇಲೆ ತೆರಿಗೆ, ಕೊರಿಯರ್ ಖರ್ಚು ಬೇರೆ. ದುಡ್ಡು ಕಟ್ಟುವ ಮುಂಚೆ ಆವತ್ತಿನ ದರ ಎಷ್ಟು ಅಂತ ವಿಚಾರಿಸಿಕೊಳ್ಳಿ. ಅಲ್ಲಿಂದ ಬರುವ ಅಕ್ಕನೋ ಭಾವನೋ ಇದ್ದರೆ 1:43ರ ಡಬ್ಬಿಗಳನ್ನು ಕೈಚೀಲದಲ್ಲಿ ತರಲು ಕೇಳಬಹುದು, ಜಾಗ ಹೆಚ್ಚು ಬೇಡ. 1:24ರದ್ದಾದರೆ ಥರ್ಮೋಕೋಲ್ ಡಬ್ಬಿಯ ಸಮೇತವೇ ತರಲಿ, ಬಾಗಿಲು ಮತ್ತು ಬಾನೆಟ್ ತೆರೆಯದ ಹಾಗೆ ಮೆತ್ತನೆಯ ಕಾಗದದ ಪಟ್ಟಿ ಸುತ್ತಿರಲಿ. 1:18 ಮಾತ್ರ ಯಾರಿಗೂ ಹೇಳಬೇಡಿ. ಒಂದರ ಡಬ್ಬಿಯೇ ಅರ್ಧ ಕೈಚೀಲ ತಿನ್ನುತ್ತದೆ, ಮತ್ತೆ ಇನ್ನೊಂದು ಸಲ ಕೇಳುವ ಮುಖ ನಿಮಗೂ ಇರುವುದಿಲ್ಲ.